ಸಂಗವ್ವ ಕಾರಿನಿಂದ ಇಳಿದ ದಿನ

ನಮ್ಮೂರಿನಲ್ಲಿ ಕಾರು ಓಡಿಸುವುದು ದೊಡ್ಡ ವಿದ್ಯೆಯೇನಲ್ಲ. ಕಾರಿನಿಂದ ಇಳಿಯುವುದು ವಿದ್ಯೆ. ಬಹಳ ವರ್ಷಗಳಿಂದ ಬಾಡಿಗೆ ಕಾರು ಇಟ್ಟುಕೊಂಡಿರುವ ನಾನು, ದಾವಲಸಾಬ, ಈ ಮಾತನ್ನು ಜಂಬಕ್ಕೆ ಹೇಳುತ್ತಿಲ್ಲ, ಬೇಸರಕ್ಕೆ ಹೇಳುತ್ತಿದ್ದೇನೆ. ಬೇರೆ ಊರಿನ ಡ್ರೈವರು ಗಿರಾಕಿಯನ್ನು ಮನೆ ಮುಂದೆ ಬಿಟ್ಟು, ಬಾಡಿಗೆ ಇಸಿದುಕೊಂಡು, ಧೂಳೆಬ್ಬಿಸಿ ಹೋಗಿಬಿಡುತ್ತಾನೆ. ನನ್ನ ಹಣೆಬರಹ ಹಾಗಲ್ಲ. ಪ್ರತಿ ಸಲವೂ ಹಿಂದಿನ ಸೀಟಿನ ಕಡೆ ತಿರುಗಿ ಅದೇ ಪಾಠ ಒಪ್ಪಿಸಬೇಕು. ಮೊದಲು ಬಾಗಿಲ ಚೌಕಟ್ಟಿನ ಕಬ್ಬಿಣ ಹಿಡಿಯಿರಿ. ಹಿಡಿದ ಕೈ ಬಿಡಬೇಡಿ. ಆಮೇಲೆ ಕಾಲು ಕೆಳಗಿಡಿ. ಎರಡೂ ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಂತ ಮೇಲೆ ಕೈ ಬಿಡಿ. ಕೇಳಿದವರು ಸುಖವಾಗಿ ಮನೆಯೊಳಗೆ ಹೋಗುತ್ತಾರೆ. ಕೇಳದವರ ಕಿಡಿ ಹಾರುತ್ತದೆ.

ಕಾರಿನಿಂದ ಇಳಿಯುವಾಗ ಕೈಗೆ ಚುರ್ ಎನ್ನುವುದು ಎಲ್ಲ ಊರಲ್ಲೂ ಇದ್ದದ್ದೇ. ಗಾಳಿ ಒಣಗಿದ್ದರೆ, ಮೈಮೇಲೆ ನೈಲಾನ್ ಸೀರೆಯಿದ್ದರೆ ಎಲ್ಲಿಯಾದರೂ ಆಗುತ್ತದೆ. ಆದರೆ ನಮ್ಮೂರಿನ ಕಿಡಿ ಆಳು ನೋಡಿ ಹಾರುತ್ತದೆ. ಪರಊರಿಗೆ ಹೋಗಿ ಬಂದವರು ಗಾಡಿಯಿಂದ ಕಾಲು ಕೆಳಗಿಟ್ಟರೆ ಸಾಕು, ಅಲ್ಲಿ ನಿಂತವರಲ್ಲಿ ಯಾರು ಅವರ ದಾರಿ ಹೆಚ್ಚು ಕಾದಿದ್ದಾರೋ ಅವರನ್ನೇ ಹುಡುಕಿಕೊಂಡು ಹೋಗುತ್ತದೆ. ಎಷ್ಟು ಕಾದಿದ್ದರೋ ಅಷ್ಟು ಜೋರು. ಇಬ್ಬರಿಗೂ ಸಮನಾದ ಹೊಡೆತ.

ಇದರಿಂದ ಆದ ಫಜೀತಿಗಳನ್ನು ಹೇಳುತ್ತ ಕೂತರೆ ಸಂಜೆಯಾಗುತ್ತದೆ. ಊರಿನ ದೊಡ್ಡ ಮನುಷ್ಯರೊಬ್ಬರು ತೀರ್ಥಯಾತ್ರೆ ಮುಗಿಸಿ ಬಂದಾಗ ಹೆಂಡತಿ, ಮಕ್ಕಳು, ಸೊಸೆಯಂದಿರು ಹಾರ ಹಿಡಿದು ಸಾಲಾಗಿ ನಿಂತಿದ್ದರು. ಸಾಹೇಬರು ಠೀವಿಯಿಂದ ಕಬ್ಬಿಣ ಮುಟ್ಟದೆ ಇಳಿದರು. ಕಿಡಿ ಎಲ್ಲರನ್ನೂ ದಾಟಿಕೊಂಡು ಹೋಗಿ ಕಟ್ಟೆಯ ಕೆಳಗೆ ಮಲಗಿದ್ದ ಬೀದಿನಾಯಿಗೆ ಬಡಿಯಿತು. ನಾಯಿ ಕುಂಯ್ ಎಂದು ಎದ್ದು ಬಾಲ ಅಲ್ಲಾಡಿಸುತ್ತ ಬಂತು. ಹಿಟ್ಟಿನ ಗಿರಣಿಯವರ ಮಗಳು ಕಾಲೇಜಿನ ರಜೆಗೆ ಬಂದಿಳಿದಾಗ, ರಸ್ತೆಯ ಆಚೆ ಸೈಕಲ್ ರಿಪೇರಿ ಮಾಡುತ್ತಿದ್ದ ಶಿವಪುತ್ರನ ಕೈಯಲ್ಲಿದ್ದ ಪಾನಾ ಹಾರಿ ಚರಂಡಿಗೆ ಬಿತ್ತು. ಹಿರಿಯರು ಆ ವಾರವೇ ಕೂತು ಲಗ್ನ ಗೊತ್ತುಮಾಡಿದರು. ಮುಚ್ಚಿಡುವುದಕ್ಕೆ ಇನ್ನೇನು ಉಳಿದಿತ್ತು?

ಹಾಗಾಗಿ ನಮ್ಮ ಜನ ಕಬ್ಬಿಣ ಹಿಡಿಯುವುದನ್ನು ಕಲಿತರು. ಬಸ್ಸಿನಿಂದ ಇಳಿದವರು ಮುಟ್ಟಲೆಂದು ನಿಲ್ದಾಣದಲ್ಲಿ ಒಂದು ಕಬ್ಬಿಣದ ಕಂಬ ಹುಗಿದಿದ್ದಾರೆ. ಕಾಯುವವರ ಮೈಯಲ್ಲೂ ಕಿಡಿ ತುಂಬಿಕೊಳ್ಳುವುದರಿಂದ, ಬಾಣಂತನ ಮುಗಿಸಿದ ಸೊಸೆ ಕೂಸನ್ನು ಕರೆತರುವ ದಿನ ಅಜ್ಜಿಯರು ಬೆಳಗ್ಗೆಯೇ ಹೋಗಿ ಆ ಕಂಬವನ್ನು ತಬ್ಬಿ ನಿಂತು ಬರುತ್ತಾರೆ. ಕಂಬ ಎಲ್ಲವನ್ನೂ ನುಂಗುತ್ತದೆ, ಯಾರದು ಎಷ್ಟಿತ್ತೆಂದು ಬಾಯಿ ಬಿಡುವುದಿಲ್ಲ. ಹೊಡೆತವೂ ತಪ್ಪಿತು, ಮರ್ಯಾದೆಯೂ ಉಳಿಯಿತು. ಈಗೀಗ ಕಿಡಿ ಹಾರಿಸಿಕೊಳ್ಳುವವರನ್ನು ಕಂಡರೆ, ನಡುಬೀದಿಯಲ್ಲಿ ಅಳುವವರನ್ನು ಕಂಡಷ್ಟೇ ಸಂಕೋಚದಿಂದ ಜನ ಮುಖ ತಿರುಗಿಸುತ್ತಾರೆ.

ಇಂಥ ಊರಲ್ಲಿ ಸಂಗವ್ವ ನನ್ನ ಕಾರಿನಿಂದ ಇಳಿಯುವುದಿಲ್ಲ ಎಂದು ಹಟ ಹಿಡಿದಳು.

ಸಂಗವ್ವ ಎಂದರೆ ಸಂತೆಪೇಟೆಯ ಖಾನಾವಳಿಯವಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನಾನು ಸಂಗಕ್ಕ ಎನ್ನುತ್ತೇನೆ. ಆಕೆಯ ರೊಟ್ಟಿ, ಆಕೆಯ ಎಣ್ಣೆಗಾಯಿ, ಆಕೆಯ ಬೈಗುಳ ಮೂರೂ ಊರಿಗೆಲ್ಲ ಗೊತ್ತು. ಬಡಿಸುವವನು ಗಂಡ ಕರವೀರಪ್ಪ. ಮಕ್ಕಳಿಲ್ಲ. ಅವನ ಬಾಯಿಂದ ಮಾತು ಹೊರಡಿಸುವುದು ಜಾಮ್ ಆದ ನಟ್ಟು ಬಿಚ್ಚಿದ ಹಾಗೆ. ಆಕೆ ಒಲೆ ಮುಂದೆ ಕೂತು ಇಡೀ ಪ್ರಪಂಚಕ್ಕೆ ಬೈಯುವಳು, ಅವನು ತಲೆ ತಗ್ಗಿಸಿ ಶೇಂಗಾ ಹಿಂಡಿ ಬಡಿಸುವನು. ಇವರ ಸಂಸಾರ ನಡೆಯುವುದು ಹೇಗೆ ಎಂದು ನಾನು ಎಷ್ಟೋ ಸಲ ರೊಟ್ಟಿ ಮುರಿಯುತ್ತ ಯೋಚಿಸಿದ್ದೇನೆ, ಉತ್ತರ ಹೊಳೆಯುವ ಮೊದಲೇ ರೊಟ್ಟಿ ಮುಗಿದುಹೋಗಿದೆ.

ಎರಡು ತಿಂಗಳ ಹಿಂದೆ ಸಂಗಕ್ಕ ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದಳು. ದೂರದ ಪಟ್ಟಣದ ಆಸ್ಪತ್ರೆಗೆ ನನ್ನ ಕಾರಿನಲ್ಲೇ ಒಯ್ದೆವು. ಎದೆ ಸೀಳಿ ಆಪರೇಷನ್ ಮಾಡಿದರು. ಖಾನಾವಳಿ ಬಾಗಿಲು ಮುಚ್ಚಿತು. ನಾವೆಲ್ಲ ಅಂಗಡಿಯ ಒಣ ಬ್ರೆಡ್ಡು ತಿಂದು ದಿನ ನೂಕಿದೆವು. ಆಕೆಯ ತಂಗಿಯೊಬ್ಬಳು ಆಸ್ಪತ್ರೆಯಲ್ಲಿ ಜೊತೆಗಿದ್ದಳು. ಇಷ್ಟು ದಿನದಲ್ಲಿ ಕರವೀರಪ್ಪ ನೋಡಲು ಹೋದದ್ದು ಒಂದೇ ಒಂದು ಸಲ. ಹೋದವನು ವಾರ್ಡಿನ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, ಕಿತ್ತಳೆ ಹಣ್ಣಿನ ಚೀಲವನ್ನು ನರ್ಸ್ ಕೈಯಲ್ಲಿ ಕೊಟ್ಟು ವಾಪಸು ಬಂದನಂತೆ.

ಬಿಡುಗಡೆಯ ದಿನ ಕರೆತರಲು ಹೋದವನು ನಾನೊಬ್ಬನೇ. ವಾರ್ಡಿನ ಡಾಕ್ಟರು, ಕನ್ನಡಕದ ಹೆಣ್ಣುಮಗಳು, ನನ್ನನ್ನು ಮನೆಯವನೆಂದು ತಿಳಿದು ಹೇಳಿದರು: “ಔಷಧ ತಪ್ಪಿಸಬೇಡಿ. ಭಾರ ಎತ್ತಿಸಬೇಡಿ. ಮುಖ್ಯವಾಗಿ ಎದೆಗೆ ಯಾವ ಥರದ ಆಘಾತವೂ ಆಗಬಾರದು. ಕರೆಂಟ್ ಶಾಕ್ ಅಂತೂ ಚೂರೂ ಆಗಕೂಡದು.” ಯಾವ ಊರಿಗೆ ಹೋಗುವವರಿಗೆ ಏನು ಹೇಳುತ್ತಿದ್ದೇನೆ ಎಂದು ಆ ತಾಯಿಗೇನು ಗೊತ್ತು. ನಾನು ಹೂಂ ಎಂದೆ. ಕಬ್ಬಿಣ ಹಿಡಿಸಿ ಇಳಿಸಿದರಾಯಿತು, ಅದೇನು ಹೊಸದೇ ಎಂದುಕೊಂಡೆ.

ಸಂಗಕ್ಕ ಬಡಕಲಾಗಿದ್ದಳು. ಆದರೆ ನಾಲಗೆ ಬಡವಾಗಿರಲಿಲ್ಲ. ತಂಗಿಯನ್ನು ಆಕೆಯ ಊರಿನ ಬಸ್ಸು ಹತ್ತಿಸಿ ಹೊರಟೆವು. ದಾರಿಯಲ್ಲಿ ಚಹಾ ಕುಡಿಯೋಣ ಎಂದರೆ ಬೇಡವೆಂದಳು. ನೀರೂ ಬೇಡವೆಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

“ಅವ್ರು ಹೆಂಗದಾರ?” ಎಂದು ಕೇಳಿದಳು, ಕಿಟಕಿಯ ಹೊರಗೆ ನೋಡುತ್ತ.

“ಕರವೀರಣ್ಣನಾ? ಅದಾನ. ಇದ್ದಾಂಗ ಅದಾನ.”

“ಇದ್ದಾಂಗ ಅಂದ್ರ?”

“ಮಾತಿಲ್ಲ ಕತಿಯಿಲ್ಲ. ನಿನ್ನಿ ಗ್ವಾಡಿಗೆ ಸುಣ್ಣ ಹಚ್ಚಾಕತ್ತಿದ್ದ.”

“ಗ್ವಾಡಿಗೆ ಸುಣ್ಣ ಹಚ್ಚಾಕ ಪುರಸೊತ್ತೈತಿ,” ಎಂದಳು. ಆಮೇಲೆ ಊರು ಬರುವವರೆಗೂ ಬಾಯಿ ತೆರೆಯಲಿಲ್ಲ. ಸಂಗಕ್ಕ ಸುಮ್ಮನೆ ಕೂತರೆ ನನಗೆ ಗೇರು ಸರಿಯಾಗಿ ಬೀಳುವುದಿಲ್ಲ. ಎರಡು ಕಡೆ ಗುಂಡಿಗೆ ಹಾಕಿದೆ.

ಹತ್ತು ಗಂಟೆಯ ಹೊತ್ತಿಗೆ ಖಾನಾವಳಿಯ ಮುಂದೆ ಕಾರು ನಿಲ್ಲಿಸಿದೆ. ಊರೆಲ್ಲ ಸೇರಿತ್ತು. ಪ್ರೀತಿಯೂ ಇತ್ತು, ರೊಟ್ಟಿಯ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಎಲ್ಲರೂ ಕಂಬ ಮುಟ್ಟಿ ಬಂದವರೇ, ಆದರೂ ಎಚ್ಚರಿಕೆಗೆಂದು ದೂರ ನಿಂತಿದ್ದರು. ಎಲ್ಲರಿಗಿಂತ ದೂರ, ಗಿರಣಿಯ ಗೋಡೆಗೆ ಬೆನ್ನು ಹಚ್ಚಿಕೊಂಡು, ಒಗೆದ ಧೋತರ ಉಟ್ಟು ಕರವೀರಣ್ಣ ನಿಂತಿದ್ದ. ಈಚೆ ಖಾನಾವಳಿಯ ಹೊಸ ಸುಣ್ಣದ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು.

ನಾನು ಇಳಿದು ಹಿಂದಿನ ಬಾಗಿಲು ತೆರೆದೆ. “ಅಕ್ಕಾ, ಇಲ್ಲಿ ಹಿಡಿ. ಹಿಡಿದು ಕಾಲಿಡು,” ಎಂದೆ.

ಸಂಗಕ್ಕ ರಸ್ತೆಯ ಆಚೆ ನೋಡಿದಳು. ಗಂಡ ನಿಂತ ದೂರವನ್ನು ಕಣ್ಣಲ್ಲೇ ಅಳೆದಳು. ಬಾಗಿಲನ್ನು ನನ್ನ ಕೈಯಿಂದ ಎಳೆದುಕೊಂಡು ದಢ್ ಎಂದು ಮುಚ್ಚಿದಳು.

“ನಾ ಇಳಿಯಾಂಗಿಲ್ಲ.”

“ಅಂದ್ರ?”

“ಅಂದ್ರ ಇಳಿಯಾಂಗಿಲ್ಲ. ನಿಂಗ ಕಿವಿ ಇಲ್ಲೇನು?”

ಅಂಜಿದ್ದಾಳೆ ಎಂದುಕೊಂಡೆವು. ಯಾರೇ ಆಗಲಿ ಅಂಜುತ್ತಾರೆ, ಸೀಳಿ ಹೊಲಿದ ಎದೆ. ಡಾಕ್ಟರ ಮಾತನ್ನು ನಾನು ಎಲ್ಲರಿಗೂ ಹೇಳಿದೆ. ಅಲ್ಲಿಂದ ಶುರುವಾಯಿತು ನೋಡಿ ಊರಿನ ಬುದ್ಧಿವಂತಿಕೆ. ಶಿವಪುತ್ರ ಸೈಕಲ್ ಚೈನು ತಂದು ಕಾರಿನ ಅಡಿಗೆ ಕಟ್ಟಿ ನೆಲಕ್ಕೆ ತಾಗಿಸಿದ. ಅವನ ಹೆಂಡತಿ ನಾಲ್ಕು ಕೊಡ ನೀರು ಸುರಿದು ರಸ್ತೆಯನ್ನೇ ಕೆಸರು ಮಾಡಿದಳು. ಯಾರೋ ಹತ್ತಿಯ ಸೀರೆ ತಂದು, ಒಳಗೇ ಉಟ್ಟುಕೊಳ್ಳಲಿ, ಆಸ್ಪತ್ರೆಯ ನೈಲಾನ್ ಸೀರೆ ಬಿಚ್ಚಿ ಒಗೆಯಲಿ ಎಂದರು. ಇನ್ನೊಬ್ಬರು ಬರಿಗಾಲಲ್ಲಿ ಇಳಿಯಲಿ ಎಂದರು, ಮತ್ತೊಬ್ಬರು ರಬ್ಬರ್ ಚಪ್ಪಲಿ ಹಾಕಿ ಇಳಿಯಲಿ ಎಂದರು, ಇವರಿಬ್ಬರ ನಡುವೆಯೇ ಜಗಳ ಹತ್ತಿತು. ಹಿರಿಯರೊಬ್ಬರಂತೂ ಕಾರನ್ನೇ ಎತ್ತಿ ಒಳಗಿಡಿ ಎಂದರು. ಖಾನಾವಳಿಯ ಬಾಗಿಲ ಅಗಲ ಮೂರು ಮೊಳ.

ಸಂಗಕ್ಕ ಕಿಟಕಿಯ ಗಾಜನ್ನು ಅರ್ಧ ಇಳಿಸಿ ಎಲ್ಲರಿಗೂ ಹಂಚಿ ಬೈದಳು. ಸೀರೆ ತಂದವಳಿಗೆ ಸೀರೆಯ ಬಣ್ಣಕ್ಕೆ ಬೈದಳು. ಗಾಜು ಏರಿಸಿಕೊಂಡಳು.

ನನಗೂ ಸಿಟ್ಟು ಬರತೊಡಗಿತು. ಮಧ್ಯಾಹ್ನ ಒಂದು ಮದುವೆ ದಿಬ್ಬಣದ ಬಾಡಿಗೆ ಒಪ್ಪಿಕೊಂಡಿದ್ದೆ. ಮದುಮಗನ ಚಿಕ್ಕಪ್ಪ ಬಂದು, ಅಲಂಕಾರಕ್ಕೆ ತಂದಿದ್ದ ಚೆಂಡುಹೂವಿನ ಮಾಲೆ ಕೈಯಲ್ಲಿ ಹಿಡಿದುಕೊಂಡು, ಒಳಗೆ ಕೂತ ಸಂಗಕ್ಕನನ್ನೂ ಹೊರಗೆ ಕೂತ ನನ್ನನ್ನೂ ನೋಡಿ, “ಹಿಂಗಂದ್ರ ಹೆಂಗ ದಾವಲಣ್ಣ?” ಎಂದ. “ನನ್ನೇನ ಕೇಳ್ತಿ, ಒಳಗ ಕುಂತೈತಿ ನೋಡು, ಅದನ್ನ ಕೇಳು,” ಎಂದೆ. ಅವನು ಧೈರ್ಯ ಮಾಡಲಿಲ್ಲ. ಮದುಮಗ ಟ್ರ್ಯಾಕ್ಟರಿನಲ್ಲಿ ಹೋದ.

ಇಷ್ಟೆಲ್ಲ ಆಗುವಾಗ ಕರವೀರಣ್ಣ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿರಲಿಲ್ಲ. ನಡುನಡುವೆ ಬಸ್ ನಿಲ್ದಾಣದ ಕಡೆ ಬಿರಬಿರನೆ ಹೋಗುತ್ತಿದ್ದ, ವಾಪಸು ಬಂದು ಅದೇ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಹೆಂಡತಿಯ ಕಾರಿನ ಹತ್ತಿರ ಬಂದು ಒಂದು ಮಾತಾಡಬಾರದೇ ಈ ಮನುಷ್ಯ ಎಂದು ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು.

ಊಟದ ಹೊತ್ತಿಗೆ ಜನ ಕರಗಿದರು. ಬಿಸಿಲು ನೆತ್ತಿಗೆ ಬಂತು, ಆಮೇಲೆ ಪಶ್ಚಿಮಕ್ಕೆ ವಾಲಿತು. ಓಣಿಯಲ್ಲಿ ಗಿರಣಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಮುಂದಿನ ಸೀಟಿಗೆ ಹತ್ತಿ ಕೂತು, ಹಿಂದೆ ತಿರುಗದೆ, ಕನ್ನಡಿಯಲ್ಲಿ ಆಕೆಯ ಮುಖ ನೋಡಿ ಹೇಳಿದೆ.

“ಅಕ್ಕಾ, ಅಂಜಬ್ಯಾಡ. ನಾ ಎಷ್ಟು ಮಂದೀನ ಇಳಿಸೀನಿ. ಕಬ್ಬಣ ಹಿಡಿದ್ರ ಏನೂ ಆಗಾಂಗಿಲ್ಲ. ಅದು ಅದರಾಗ ಹೋಗಿಬಿಡ್ತೈತಿ.”

“ಅದ ಬ್ಯಾಡಾಗೇತಿ ನಂಗ,” ಎಂದಳು ಸಂಗಕ್ಕ.

ತಾನಾಗಿಯೇ ಮಾತು ಮುಂದುವರಿಸಿದಳು. ಬೈಯುವ ದನಿಯಿರಲಿಲ್ಲ. “ನಲವತ್ತು ವರ್ಷ ಆತು ದಾವಲಾ, ನಾ ಈ ಊರು ಬಿಟ್ಟು ಹ್ವಾದಾಕಿ ಅಲ್ಲ. ತವರಿಗೂ ಹ್ವಾದಾಕಿ ಅಲ್ಲ, ಒಲಿ ಯಾರು ಹಚ್ಚವರು? ಹೋಗದ ಇದ್ದಾಕಿಗೆ ಬರೋದು ಎಲ್ಲಿಂದ ಬರ್ತೈತಿ? ಒಂದ ದಿನ ಆ ಮನಿಶ್ಯಾ ನನ್ನ ದಾರಿ ಕಾಯೋ ಪ್ರಸಂಗ ಬರಲಿಲ್ಲ. ಈಗ ಬಂದೈತಿ. ಎರಡು ತಿಂಗಳು ಆ ಮಂಚದ ಮ್ಯಾಲ ಬಿದ್ಕೊಂಡು ಇದನ್ನ ಲೆಕ್ಕಾ ಹಾಕೀನಿ. ಕಾದಾರೋ ಇಲ್ಲೋ? ನೋಡಾಕ ಬಂದು ಬಾಗಲದಾಗ ನಿಂತು ಹೋದ್ರು. ಹಣಿ ಮ್ಯಾಲ ಕೈ ಇಡಲಿಲ್ಲ. ಬಾಜೂ ಮಂಚದಾಕಿ, ಅವ್ರು ನಿಮಗ ಏನಾಗಬೇಕು ಅಂತ ಕೇಳಿದ್ಲು. ನಾ ಏನ ಹೇಳ್ಲಿ?”

ನಾನು ಕನ್ನಡಿಯಿಂದ ಕಣ್ಣು ತೆಗೆದೆ.

“ಕಬ್ಬಣ ಹಿಡದು ಇಳದ್ರ ಇದ್ದದ್ದೂ ಗೊತ್ತಾಗಾಂಗಿಲ್ಲ, ಇಲ್ಲದ್ದೂ ಗೊತ್ತಾಗಾಂಗಿಲ್ಲ. ಎಂದಿನಾಂಗ ಒಳಗ ಹೋಗಿ ರೊಟ್ಟಿ ಬಡೀಬೇಕು. ಹಂಗ ಬರಿಗೈಲೆ ಇಳದ್ರ, ಹಾರಿದ್ರ ಎದಿ ಒಡೀತೈತಿ, ಹಾರದಿದ್ರೂ ಎದಿ ಒಡೀತೈತಿ. ಹೇಳು, ಯಾವ ಬಾಗಲಾ ತಗೀತಿ?”

ಇಷ್ಟು ಹೊತ್ತು ಆಕೆ ಹೊಡೆತಕ್ಕೆ ಅಂಜಿದ್ದಾಳೆಂದು ನಾವು ಬೀದಿಗೆ ನೀರು ಸುರಿಯುತ್ತಿದ್ದೆವು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಬಂದದ್ದು ಸಿಟ್ಟು. “ಅವನೆಲ್ಲಿ ಹ್ವಾದ ಈಗ?” ಎಂದೆ.

“ಕಂಬದ ಕಡಿ. ಮುಂಜಾನಿಂದ ಅಡ್ಡಾಡೋದು ನೋಡೀದಿಲ್ಲೋ? ಏನರ ಚೂರು ಪಾರು ಇದ್ರ ಅದನ್ನೂ ಕಬ್ಬಣಕ್ಕ ಸುರದು ಬರ್ತಾರ. ಜನರ ಮುಂದ ಮುಜುಗರ ನೋಡು.” ಸೆರಗಿನಿಂದ ಮುಖ ಒರೆಸಿಕೊಂಡಳು.

ಕಾರಿನ ಬಾಗಿಲು ಹಾಕಿಕೊಂಡು ನಿಲ್ದಾಣಕ್ಕೆ ನಡೆದೆ. ಬಸ್ಸಿಲ್ಲದ ಹೊತ್ತು. ಕರವೀರಣ್ಣ ಒಬ್ಬನೇ ಕಂಬವನ್ನು ಎರಡೂ ತೋಳಿನಿಂದ ತಬ್ಬಿ, ಹಣೆಯನ್ನು ಅದಕ್ಕೆ ಒತ್ತಿ ನಿಂತಿದ್ದ. ಬಿಸಿಲಿಗೆ ಕಾದ ಕಬ್ಬಿಣ. ನನ್ನ ಕಾಲಸಪ್ಪಳ ಕೇಳಿ ತಿರುಗಿದ. ಹಣೆಯ ಮೇಲೆ ಕೆಂಪು ಗೆರೆ ಮೂಡಿತ್ತು.

“ಏನಣ್ಣಾ ಇದು? ಅಲ್ಲಿ ಹೆಂಡತಿ ಕಾರಿನಾಗ ಬೇಯಾಕತ್ತಾಳ, ನೀ ಇಲ್ಲಿ ಕಂಬಾ ತಬ್ಬಿ ನಿಂತೀದಿ!”

ಅವನು ಕೈ ಬಿಡಲಿಲ್ಲ. “ಖಾಲಿ ಆಗವಲ್ದು ದಾವಲಾ,” ಎಂದ.

“ಏನು?”

“ಖಾಲಿ ಆಗವಲ್ದು. ಆಕಿನ್ನ ದವಾಖಾನಿಗೆ ಒಯ್ದ ಮರುದಿನದಿಂದ ಬರಾಕತ್ತೀನಿ. ಮುಂಜಾನಿ ಬಂದು ಕೊಡ್ತೀನಿ, ಸಂಜಿಗೆ ಮತ್ತ ಮೈಯಾಗ ಜುಮು ಜುಮು. ಸಂಜಿಗೆ ಬರ್ತೀನಿ, ಮುಂಜಾನಿಗೆ ಮತ್ತ ಅಷ್ಟ. ಒಲಿ ಮುಂದ ಆಕಿ ಕುಂದ್ರೂ ಮಣಿ ಕಂಡ್ರ ಸಾಕು, ತುಂಬತೈತಿ. ಅದಕ್ಕ ಸುಣ್ಣಾ ಹಚ್ಚಿದೆ, ಆಕಿ ಬೆನ್ನಿನ ಕಲಿ ಇತ್ತು ಗ್ವಾಡಿ ಮ್ಯಾಲ. ಅದೂ ಉಪಯೋಗ ಆಗಲಿಲ್ಲ.”

ನಾನು ಅವನಿಂದ ಅಷ್ಟು ಮಾತನ್ನು ಒಟ್ಟಿಗೆ ಎಂದೂ ಕೇಳಿರಲಿಲ್ಲ.

“ದವಾಖಾನಿಗೆ ಹ್ವಾದಾಗ ಬಾಗಲದಾಗ ಯಾಕ ನಿಂತಿ?”

“ಬಸ್ಸಿನಾಗ ಹೋಗಿದ್ದೆ. ಗಾಡಿ ಇಳದ ಕೈ. ಎದೀ ಸೀಳ್ಯಾರ ಆಕೀದು. ಮುಟ್ಟಿ ಏನರ ಆದ್ರ?”

ಅಲ್ಲಿ, ಆ ಪಟ್ಟಣದಲ್ಲಿ, ಯಾರ ಕೈಯಿಂದಲೂ ಯಾರಿಗೂ ಇಂಥ ಕಿಡಿ ಹಾರುವುದಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು ಇಡೀ ದಿನ ಕೂತಿರಬಹುದಿತ್ತು. ಅದೊಂದು ಸಲ ಬಿಟ್ಟರೆ ನಮ್ಮೂರ ಹೊರಗೆ ಕಾಲಿಡದವನಿಗೆ ಅದು ಗೊತ್ತಿಲ್ಲ. ಅತ್ತ ಬಡಿಸುವುದು ಬಿಟ್ಟು ಬೇರೇನೂ ಹೇಳಲು ಬಾರದ ಗಂಡ, ಇತ್ತ ಬೈಯುವುದು ಬಿಟ್ಟು ಬೇರೇನೂ ಕೇಳಲು ಬಾರದ ಹೆಂಡತಿ. ಇವರಿಬ್ಬರ ನಡುವೆ ನನ್ನ ಕಾರು. ಕಣ್ಣಲ್ಲಿ ನೀರು ಬಂತು, ಧೂಳೆಂದು ಒರೆಸಿಕೊಂಡೆ.

ಓಡಿಹೋಗಿ ಎಲ್ಲವನ್ನೂ ಸಂಗಕ್ಕನಿಗೆ ಹೇಳಿಬಿಡೋಣ ಎನ್ನಿಸಿತು. ಆದರೆ ಆಕೆ ನಲವತ್ತು ವರ್ಷ ಗಿರಾಕಿಗಳ ಬಾಯಿಮಾತು ಕೇಳಿ ಪಳಗಿದವಳು. ರೊಟ್ಟಿ ಚೆನ್ನಾಗಿದೆ ಎಂದರೂ ತಟ್ಟೆ ನೋಡದೆ ನಂಬುವವಳಲ್ಲ. ಕಣ್ಣಿಗೆ ಕಾಣಬೇಕು ಆಕೆಗೆ. ಕಾಣಬೇಕು, ಆದರೆ ಎದೆಗೆ ತಾಗಬಾರದು. ನೆಲದಲ್ಲಿ ಹುಗಿದ ಕಂಬ ಗಪ್ಪನೆ ನುಂಗುತ್ತದೆ. ನನ್ನ ಕಾರು ಹಾಗಲ್ಲ, ರಬ್ಬರಿನ ಟೈರಿನ ಮೇಲೆ ನಿಂತಿದೆ, ಅದಕ್ಕೆ ನುಂಗುವುದು ಬರುವುದಿಲ್ಲ. ಒಳಗಿನಿಂದ ಒಬ್ಬರು, ಹೊರಗಿನಿಂದ ಒಬ್ಬರು ಅದೇ ಕಬ್ಬಿಣ ಹಿಡಿದರೆ? ಹಿಂದೊಮ್ಮೆ ಒಬ್ಬ ತಾಯಿ ಆತುರಕ್ಕೆ ಹೊರಗಿನಿಂದ ಬಾಗಿಲ ಹಿಡಿಕೆ ಹಿಡಿದಾಗ, ಒಳಗಿದ್ದ ಮಗ ಚೌಕಟ್ಟು ಹಿಡಿದಿದ್ದ. ಇಬ್ಬರಿಗೂ ಏನೂ ಆಗಲಿಲ್ಲ, ಕಾರಿನ ಒಳಗಿನ ಸಣ್ಣ ದೀಪ ಮಾತ್ರ ಮಿಣುಕ್ಕೆಂದಿತ್ತು. ಆ ಹುಡುಗ ಹೋಗಿದ್ದದ್ದು ಪಕ್ಕದೂರಿಗೆ ಪರೀಕ್ಷೆಗೆ, ಒಂದೇ ದಿನದ ಮಾತು. ಇದು ಎರಡು ತಿಂಗಳದ್ದು. ಕಾರು ಸುಟ್ಟರೆ ಸುಡಲಿ, ಒಂದು ಪಾಲು ಆಕೆಯ ಕೈಗೇ ತಿರುಗಿದರೆ ಏನು ಗತಿ? ನನಗೆ ಖಾತ್ರಿ ಇರಲಿಲ್ಲ. ನಡೆಯುತ್ತ ಕರವೀರಣ್ಣನಿಗೆ ಹೇಳಿದೆ. “ಆಕಿ ಏನಂತಾಳ ಕೇಳು. ಆಕಿ ಒಪ್ಪಿದ್ರ ಮಾತ್ರ,” ಎಂದ.

ಬಿಸಿಲು ಇಳಿದು ಜನ ಮತ್ತೆ ಸೇರಿದ್ದರು. ನಾನು ಶಿವಪುತ್ರ ಕಟ್ಟಿದ್ದ ಚೈನನ್ನು ಕಾರಿನ ಅಡಿಯಿಂದ ಬಿಚ್ಚಿ ಒಗೆದು, ಕಿಟಕಿಯ ಹತ್ತಿರ ಬಗ್ಗಿ ಸಂಗಕ್ಕನಿಗೆ ವಿಷಯ ಹೇಳಿದೆ. ಅಪಾಯವನ್ನೂ ಮುಚ್ಚಿಡಲಿಲ್ಲ.

“ನನ್ನ ಗಾಡಿಗೆ ಕೊಡ್ರಿ ಅಕ್ಕಾ, ಇಬ್ಬರೂ ಕೂಡೇ ಕೊಡ್ರಿ. ಕಂಬದಾಂಗ ನುಂಗಾಂಗಿಲ್ಲ ಇದು. ಏನೈತೋ ಅದನ್ನ ಹೊರಗ ಹಾಕ್ತೈತಿ.”

“ಏನೂ ಇರಲಿಲ್ಲಂದ್ರ?” ಎಂದಳು ಸಣ್ಣ ದನಿಯಲ್ಲಿ.

ಇದೆ ಎಂದು ಹೇಳಬಾರದೆಂದು ನಾಲಗೆ ಕಚ್ಚಿಕೊಂಡೆ. “ಏನೂ ಇರಲಿಲ್ಲಂದ್ರ ನಾಳಿಂದ ಅವನಿಗೆ ಊಟಾ ಹಾಕಬ್ಯಾಡ. ನಾ ಹೇಳ್ತೀನಿ.”

ಆಕೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಬಳೆಗಳನ್ನು ಮೇಲಕ್ಕೆ ಸರಿಸಿ, ಒಂದು ಉಸಿರೆಳೆದು, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದಳು. ರೊಟ್ಟಿ ಬಡಿದು ದಪ್ಪಗಾಗಿದ್ದ ಕೈಗಳು, ಈಗ ತೆಳ್ಳಗಾಗಿ ಗೆಣ್ಣು ಎದ್ದಿದ್ದವು.

“ಬರಾಕ ಹೇಳು,” ಎಂದಳು.

ಕರವೀರಣ್ಣ ಗೋಡೆ ಬಿಟ್ಟು ಹೊರಟ. ಜನ ಹಿಂದೆ ಸರಿದು ದಾರಿ ಬಿಟ್ಟರು. ಮುಜುಗರಕ್ಕೆ ಮುಖ ತಿರುಗಿಸಬೇಕಾದವರು ಯಾರೂ ತಿರುಗಿಸಲಿಲ್ಲ. ರಸ್ತೆ ದಾಟುವುದಕ್ಕೆ ಅವನು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನೋಡಿ ನನಗೆ ಮೈ ಬೆವರಿತು. ಕಾರಿನ ಹತ್ತಿರ ಬಂದು ನಿಂತ. ಕಿಟಕಿಯ ಗಾಜಿನ ಈಚೆ ಅವನು, ಆಚೆ ಆಕೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಧೋತರಕ್ಕೆ ಕೈ ಒರೆಸಿಕೊಂಡು ಬಾಗಿಲಿನ ಹಿಡಿಕೆಯನ್ನು ಹಿಡಿದ.

ಏನೂ ಆಗಲಿಲ್ಲ.

ಸಂಗಕ್ಕನ ಮುಖ ನಿಧಾನಕ್ಕೆ ಕೆಳಗಾಯಿತು. ಅಷ್ಟರಲ್ಲಿ ಕಾರು ಒಮ್ಮೆ ಮೈ ಕೊಡವಿತು. ಎಂಜಿನ್ ಬಂದ್ ಆಗಿತ್ತು, ಆದರೂ ಮುಂದಿನ ಎರಡೂ ದೀಪ ಭಗ್ಗೆಂದು ಹೊತ್ತಿಕೊಂಡವು. ವೈಪರುಗಳು ಒಣ ಗಾಜಿನ ಮೇಲೆ ಕಿರ್ರೆಂದು ಹೊರಳತೊಡಗಿದವು. ಹಾರ್ನ್ ತಾನಾಗಿಯೇ ಕೂಗಲು ಶುರುಮಾಡಿತು. ಕೂಗಿತು, ಕೂಗಿತು, ನಿಲ್ಲಲೇ ಇಲ್ಲ. ಗಿರಣಿಯ ಕಟ್ಟೆಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಹೆಂಗಸರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು, ಅಳುತ್ತಿದ್ದರು. ಶಿವಪುತ್ರ ತನ್ನ ಹೆಂಡತಿಯ ಕಡೆ ನೋಡಿ, ನಮ್ಮದು ಬರೀ ಒಂದು ಪಾನಾ ಎನ್ನುವಂತೆ ಕೈಯಾಡಿಸಿದ. ನಾನು ಮಾತ್ರ ಸಂಗಕ್ಕನ ಎದೆಯನ್ನೇ ನೋಡುತ್ತಿದ್ದೆ. ಅದು ಏರಿತು, ಇಳಿಯಿತು. ಮತ್ತೆ ಏರಿತು.

ಹಾರ್ನ್ ಕೊನೆಗೆ ದಮ್ಮು ಕಳೆದುಕೊಂಡು ನಿಂತಿತು. ದೀಪಗಳು ಆರಲಿಲ್ಲ. ಅವುಗಳ ಬೆಳಕು ಸಂಜೆಯ ಹೊತ್ತಿನ ಹೊಸ ಸುಣ್ಣದ ಗೋಡೆಯ ಮೇಲೆ ಬಿದ್ದಿತ್ತು.

“ಅಕ್ಕಾ, ಏನರ ಆತೇನು?” ಎಂದೆ.

“ಏನಿಲ್ಲ. ಕೈ ಬೆಚ್ಚಗಾತು.” ಆಕೆ ಚೌಕಟ್ಟು ಬಿಟ್ಟು ಗಾಜು ಇಳಿಸಿದಳು. ಗಂಡನ ಮುಖ ನೋಡಿದಳು. “ಇಷ್ಟಿತ್ತೇನ್ರಿ?”

ಕರವೀರಣ್ಣ ತಲೆ ತಗ್ಗಿಸಿದ. ರೊಟ್ಟಿ ಸಾಲದೆ ಬಂದಾಗ ಗಿರಾಕಿಯ ಮುಂದೆ ನಿಲ್ಲುತ್ತಿದ್ದನಲ್ಲ, ಹಾಗೆ ನಿಂತಿದ್ದ.

“ದಿನಾ ಎರಡು ಹೊತ್ತು ಕಂಬಕ್ಕ ಕೊಟ್ಟು ಉಳಿದದ್ದು, ಸ್ವಲ್ಪ,” ಎಂದ.

ಸಂಗಕ್ಕ ಬಾಗಿಲು ತೆರೆದಳು. ಕೆಸರಿನಲ್ಲಿ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು. ಇಷ್ಟು ನೀರು ಸುರಿದವರ್ಯಾರು ಎಂದು ಬೈದಳು. ಕೈ ಮುಂದೆ ಚಾಚಿದಳು. ಅವನು ರೂಢಿಯಂತೆ ಹಿಂದೆ ಸರಿಯಲು ಹೋದ.

“ಎಲ್ಲಿಗೆ ಹೊಂಟ್ರಿ? ಹಿಡೀರಿ,” ಎಂದಳು.

ಅವನು ಎಲ್ಲರೆದುರು ಆಕೆಯ ಕೈ ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ. ನಾನು ಆ ಕಡೆ ತಿರುಗಿ, ದೀಪ ಆರಿಸುವ ನೆಪದಲ್ಲಿ ಬಾನೆಟ್ ಎತ್ತಿ, ಅದರೊಳಗೆ ಮುಖ ಹಾಕಿ ಬಹಳ ಹೊತ್ತು ನಿಂತಿದ್ದೆ.